ಕುಳಿತು ನೋಡಬೇಕಿತ್ತು

ಅಪ್ಪನ ಬಲಗೈಯಲ್ಲಿ ಕಸುವಿಲ್ಲ. ಲಕ್ವ ಹೊಡೆದ ಮೇಲೆ ಅದು ಅಂಗಿಯ ತೋಳಿನೊಳಗೆ ಸುಮ್ಮನೆ ನೇತಾಡುತ್ತದೆ, ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಕಮೋಡಿನ ಹಿಂದಿನ ಈ ಹೊಸ ಫ್ಲಶ್ ಟ್ಯಾಂಕಿನ ಹಿಡಿ ಇರುವುದೆಲ್ಲಿ — ಅಪ್ಪ ಕೂರುವ ಹಾಗೇ ಕುಳಿತು ನೋಡುತ್ತಿದ್ದೇನೆ, ಬೆನ್ನು ಟ್ಯಾಂಕಿಗೆ, ಮುಖ ಬಾಗಿಲಿಗೆ — ಬಲಕ್ಕೆ. ನಾಲ್ಕು ತಿಂಗಳಿಂದ ಬಲಕ್ಕೆ. ಎಡಗಡೆ ಹಿಡಿ ಇರೋದೇ ಬೇಕು ಅಂತ ಅಣ್ಣ ಅಂಗಡಿಯಲ್ಲಿ ಹಟ ಮಾಡಿ ತಂದನಂತೆ, ಆದರೆ ಅದು ಟ್ಯಾಂಕಿಗೆ ಎದುರಾಗಿ ನಿಂತವರ ಎಡ, ಗಂಡಸರು ಎಲ್ಲವನ್ನೂ ನಿಂತೇ ಅಳೆಯುತ್ತಾರೆ, ಪ್ಲಂಬರೂ ನಿಂತೇ ನೋಡಿ ಸೂಪರಾಗಿದೆ ಸಾರ್ ಅಂದ, ಅತ್ತಿಗೆ ನಿಂತೇ ತಿಕ್ಕುತ್ತಾಳೆ, ಒಬ್ಬರಾದರೂ ಒಂದು ಸಲ ಕುಳಿತು ನೋಡಲಿಲ್ಲ. ಹಳೆಯದರ ಹಿಡಿ ಕುಳಿತವರ ಎಡಕ್ಕೇ ಇತ್ತು. ಸರಿಯಿದ್ದದ್ದನ್ನು ಕಿತ್ತು ಟೆರೇಸಿಗೆ ಹಾಕಿ, ಅಪ್ಪನಿಗೆ ಅನುಕೂಲ ಮಾಡಿಕೊಟ್ಟೆವು ಅಂತ ಬೀಗಿದರು.

ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದಾನೆ, ಏನಮ್ಮಾ ಇಂಜಿನಿಯರಮ್ಮಾ, ಬಂದು ಎರಡು ದಿನ ಆಗಿಲ್ಲ, ಆಗ್ಲೇ ಕಕ್ಕಸು ರಿಪೇರಿನಾ ಅಂತಾನೆ, ಬಾಯ್ಮುಚ್ಕೊಂಡು ಆ ಸ್ಪ್ಯಾನರ್ ಕೊಡು ಅಂತೀನಿ, ಅಪ್ಪ ಒಂದ್ಮಾತು ಹೇಳ್ಬೋದಿತ್ತಲ್ವೇನೇ ಅಂತಾನೆ, ನೀನು ರಜೆ ಹಾಕಿ ಮಾಡಿಸ್ದೆ ಅಂತ ಬಂದೋರಿಗೆಲ್ಲ ತೋರಿಸ್ತಾ ಇದ್ರೆ ಅವನು ಯಾವ ಬಾಯಲ್ಲಿ ಹೇಳ್ಬೇಕಿತ್ತೋ. ಅಪ್ಪ ಎದ್ದು ತಿರುಗೋಣವೆಂದರೆ ಇರುವ ಒಂದು ಕೈ ಗೋಡೆಯ ಕಂಬಿಗೆ ಬೇಕು, ಹಾಗಾಗಿ ಪ್ರತಿ ಸಲ ಸೊಸೆಯನ್ನು ಕೂಗಬೇಕು, ಸ್ವಲ್ಪ ನೀರು ಬಿಡಮ್ಮ ಎನ್ನಬೇಕು, ಬಸ್ ಡಿಪೋದಲ್ಲಿ ನೂರು ಜನರನ್ನು ಗದರಿಸಿ ದುಡಿಸಿದ ಮನುಷ್ಯ — ಕೂಗುವುದನ್ನು ತಪ್ಪಿಸಲು ತಿನ್ನುವುದನ್ನೇ ಬಿಟ್ಟ. ಹಸಿವಿಲ್ಲ ಅಂತ ತಟ್ಟೆ ಸರಿಸಿದ, ಇವರು ವಯಸ್ಸಾಯ್ತಲ್ಲ ಅಂದರು, ಡಾಕ್ಟರು ಟಾನಿಕ್ ಬರೆದರು, ಫೋನಿನಲ್ಲಿ ನನಗೆ ಎಲ್ಲ ಚೆನ್ನಾಗಿದೆ ಅಂದರು, ನಾನೂ ನಂಬಿ ಫೋನಿಟ್ಟೆ, ನನ್ನ ಮುಖಕ್ಕಿಷ್ಟು. ಇವತ್ತು ಅತ್ತಿಗೆ ಹೊರಗೆ ಹೋಗಿದ್ದಳು, ಅಪ್ಪ ನನ್ನನ್ನು ಕೂಗಿದ, ನಾನು ಒಳಗೆ ಹೋಗಿ ಹಿಡಿ ಒತ್ತುವವರೆಗೂ ತಲೆ ಎತ್ತಲಿಲ್ಲ.

ಹಳೆಯ ಟ್ಯಾಂಕು ಮತ್ತೆ ಗೋಡೆಗೆ ಬಂದಿದೆ, ಬಿಸಿಲಿಗೆ ಬಿರಿದ ವಾಷರ್ ಬದಲಿಸಿದೆ, ಪೈಪಿನ ತಿರುಪಿಗೆ ಬಿಳಿ ಟೇಪು ಸುತ್ತಿದೆ, ಬೆರಳು ತರಚಿಕೊಂಡೆ, ಮುಕ್ಕಾಲು ಗಂಟೆಯ ಕೆಲಸ, ಮುಕ್ಕಾಲೇ ಗಂಟೆ. ಅಪ್ಪ ಒಳಗಿದ್ದಾನೆ, ನಾವಿಬ್ಬರೂ ಹೊರಗೆ, ಒಳಗಿಂದ ಯಾರನ್ನೂ ಕೂಗಿದ ಸದ್ದಿಲ್ಲ, ಆಮೇಲೆ ನೀರು ಧುಮುಕಿದ ಸದ್ದು. ಬಾಗಿಲು ತೆರೆಯುತ್ತದೆ. ಅಪ್ಪ ಭುಜವನ್ನು ಗೋಡೆಗೆ ಆನಿಸಿ ನಿಂತಿದ್ದಾನೆ, ಪ್ಯಾಂಟು ಜಾರದಂತೆ ಎಡಗೈಯಲ್ಲಿ ಸೊಂಟದ ಹತ್ತಿರ ಗಟ್ಟಿಯಾಗಿ ಹಿಡಿದಿದ್ದಾನೆ, ಅಣ್ಣ ನೋಡುತ್ತಾನೆ, ನಾನು ನೋಡುತ್ತೇನೆ, ಆ ಮುಷ್ಟಿ, ಮುಷ್ಟಿಯೊಳಗೆ ಮುದ್ದೆಯಾದ ಅಷ್ಟೊಂದು ಬಟ್ಟೆ, ಆ ಮುಷ್ಟಿ. ಆಸ್ಪತ್ರೆಯ ಚೀಟಿಯ ಪ್ರಕಾರ, ನಾಲ್ಕು ತಿಂಗಳಲ್ಲಿ ಇಳಿದದ್ದು ಹನ್ನೊಂದು ಕಿಲೋ.