ಮುಯ್ಯಿಗೆ ಬಂದ ಕಾರು

ಮಾಘ ಮುಗಿಯುತ್ತ ಬಂದಿತ್ತು. ನಾಲೆಯ ಎರಡೂ ಬದಿಯ ಗದ್ದೆಗಳಲ್ಲಿ ಕಬ್ಬಿನ ಕಟಾವು ಅರ್ಧಕ್ಕೆ ಬಂದು, ಆಲೆಮನೆಗಳ ಸಿಹಿ ಹೊಗೆ ಬೆಳಗಿನ ಮಂಜಿನೊಂದಿಗೆ ಬೆರೆತು ಬಾಬುರಾಯನಕೊಪ್ಪಲಿನ ಮೇಲೆ ನಿಂತಿತ್ತು. ಮೈಸೂರು ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅತಾವುಲ್ಲಾ ಸ್ಟೂಲಿನ ಮೇಲೆ ನಿಂತು, ಮಾದಮ್ಮನ ಪುಟ್ಟ ಮಾರುತಿ ಕಾರಿನ ನೆತ್ತಿಗೆ ಸೋಪಿನ ನೀರು ಚಿಮುಕಿಸಿ, ಕರಿಗಾಜಿನಂತೆ ಮಿರುಗುವ ಹಾಳೆಯೊಂದನ್ನು ಎಳೆದೆಳೆದು ಅಂಟಿಸುತ್ತಿದ್ದ.

"ಅಕ್ಕ, ಆ ಮೂಲೇಲಿ ಗುಳ್ಳೆ ಎದ್ದದೆ ನೋಡಿ. ಬೆರಳಲ್ಲಿ ಒಸಿ ಒತ್ತಿ."

ಮಾದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒತ್ತಿದಳು. ಗುಳ್ಳೆ ಇಲಿಮರಿಯ ಹಾಗೆ ಅತ್ತ ಓಡಿ, ಅಂಚಿನಲ್ಲಿ ಪುಸ್ಸೆಂದು ಆರಿತು.

"ಸಾಬ್ರೇ, ದೂರದಿಂದ ನೋಡುದ್ರೆ ನಿಜುವಾದ ಸನ್‌ರೂಫು ಅನ್ಕತಾರಾ?"

"ಹತ್ರದಿಂದ ನೋಡುದ್ರೂ ಅನ್ಕತಾರೆ. ಮುಟ್ಟಿ ನೋಡುದ್ರೆ ಮಾತ್ರ ಜವಾಬ್ದಾರಿ ನಂದಲ್ಲ."

ಕಾರಿನಲ್ಲಿ ಅತಾವುಲ್ಲಾ ಕೈಯಾಡಿಸದ ಜಾಗ ಇನ್ನು ಉಳಿದಿರಲಿಲ್ಲ. ಒಳಗೆ ಸ್ಟೇರಿಂಗಿನ ಸುತ್ತ ತೇಗದ ಗೆರೆ ಮೂಡಿದ ಪ್ಲಾಸ್ಟಿಕ್ಕು ಕೂತಿತ್ತು. ಬಾನೆಟ್ಟಿನ ಮೇಲೆ ದೊಡ್ಡ ಹೊಳ್ಳೆಯೊಂದು ಬಾಯಿ ತೆರೆದಿತ್ತು, ಅದರೊಳಗೆ ಗಾಳಿ ಹೋಗಲು ತೂತೇ ಇರಲಿಲ್ಲ. ಹಿಂದೆ ಎರಡು ಬೆಳ್ಳಿಬಣ್ಣದ ಸೈಲೆನ್ಸರುಗಳು ಥಳಥಳಿಸುತ್ತಿದ್ದವು. ನಿಜವಾದ ಕೊಳವೆ ಅವುಗಳ ಮರೆಯಲ್ಲಿ ಹಿರೇ ಸೊಸೆಯ ಹಾಗೆ ಕೂತು ಇರುವ ಹೊಗೆಯನ್ನೆಲ್ಲ ತಾನೇ ಉಗುಳುತ್ತಿತ್ತು.

ಮೊಪೆಡ್ಡಿನ ಹಿಂದೆ ಕಬ್ಬಿನ ಸೋಗೆಯ ಹೊರೆ ಕಟ್ಟಿಕೊಂಡು ಅದೇ ದಾರಿಯಲ್ಲಿ ಬಂದ ಗಂಡ ಮಂಚಯ್ಯ ಗಾಡಿ ನಿಲ್ಲಿಸಿ, ಕಾರನ್ನು ಒಂದು ಸುತ್ತು ಸುತ್ತಿದ.

"ಏನ್ ಸಾಬಿ, ನಮ್ಮೆಮ್ಮೆಗೆ ಮೂಗ್ಬಟ್ಟು ಇಕ್ಬುಟ್ಟಿದ್ದೀಯಲ್ಲೋ!"

"ನಿಂಗೇನ್ ಗೊತ್ತು ಸುಮ್ಕೋಗು," ಅಂದಳು ಮಾದಮ್ಮ. "ಮನೇಲಿರೋ ಎಮ್ಮೆಗೆ ಮೊದ್ಲು ಸೋಗೆ ಆಕು."

ಮಂಚಯ್ಯ ಮೊಪೆಡ್ಡು ತುಳಿದು ಹೊರಟ. ಕಾರು ಕೊಂಡಿದ್ದು ಅವನೇ ಆದರೂ, ಆಲೆಮನೆಯ ಗೋಡೆಗೆ ಎರಡು ಸಲ ಗುದ್ದಿದ ಮೇಲೆ ಬೀಗದ ಕೈ ಹೆಂಡತಿಯ ಸೊಂಟ ಸೇರಿತ್ತು. ಅವಳು ಗಂಜಾಂನ ಗುಡಿ ಬೀದಿಯಲ್ಲಿ ಹೂವು, ತೆಂಗಿನಕಾಯಿ ಮಾರುವವಳು. ದಿನಾ ಬೆಳಿಗ್ಗೆ ಕಾರಿನ ತುಂಬ ಕುಕ್ಕೆ ತುಂಬಿಕೊಂಡು ಹೋಗುತ್ತಿದ್ದಳು. ಸೀಟಿನಲ್ಲಿ ಕುಂಕುಮದ ಕಲೆ, ಒಳಗೆಲ್ಲ ಸೇವಂತಿಗೆಯ ವಾಸನೆ. ಅಂಥ ಕಾರಿಗೆ ಈ ಸಿಂಗಾರವೆಲ್ಲ ಒಂದು ಮುಯ್ಯಿಯ ಸಲುವಾಗಿ.

ಪಾಂಡವಪುರದ ಹತ್ತಿರದ ಊರಿಗೆ ಕೊಟ್ಟಿದ್ದ ಅಕ್ಕ ಬೆಟ್ಟಮ್ಮ ಮದುವೆಯಾಗಿ ಗಂಡನ ಮನೆಗೆ ಹೋದದ್ದು ಟ್ರಾಕ್ಟರಿನ ತೊಟ್ಟಿಯಲ್ಲಿ, ಗೋಣಿಚೀಲ ಹಾಸಿಕೊಂಡು. ಧಾರೆ ಸೀರೆಗೆ ಮೆತ್ತಿದ ಗ್ರೀಸು ಕೊನೆಗೂ ಬಿಟ್ಟಿರಲಿಲ್ಲ. ಮೂರು ವರ್ಷದ ಮೇಲೆ ಮಾದಮ್ಮನ ಮದುವೆಯ ದಿನ ಬಾಗಿಲಿಗೆ ಬಿಳಿಯ ಅಂಬಾಸಿಡರ್ ಕಾರೊಂದು ಬಂದು ನಿಂತಿತು. ಬೆಟ್ಟಮ್ಮ ಗಂಡನನ್ನು ಯಾರ್ಯಾರ ಮನೆಗೋ ಅಲೆಸಿ, ಕಾಡಿ ಬೇಡಿ ತರಿಸಿದ್ದಳು. "ನನ್ ತಂಗಿ ನನ್ನಂಗೆ ಓಗಕೂಡ್ದು" ಅಂದಿದ್ದಳಂತೆ. ಈಗ ಆ ಅಕ್ಕನ ಮಗಳು ಅರ್ಪಿತಳ ಮದುವೆ. ಮುಯ್ಯಿ ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ. ಆದರೆ ಮುಯ್ಯಿ ಅನ್ನುವುದು ಇಸಕೊಂಡಷ್ಟನ್ನೇ ಮರಳಿಸುವುದಲ್ಲ. ಪಂಚೆ ಇಕ್ಕಿದವರಿಗೆ ಪಂಚೆಯ ಜೊತೆ ಶಲ್ಯ, ಸೇರಕ್ಕಿ ಕೊಟ್ಟವರಿಗೆ ಸೇರಿನ ಮೇಲೊಂದು ಹಿಡಿ. ಕಾರಿಗೆ ಕಾರು ಸರಿ, ಮೇಲೊಂದು ಹಿಡಿ?

ಆ ಹಿಡಿಯನ್ನೇ ಈಗ ಅತಾವುಲ್ಲಾ ಸೋಪಿನ ನೀರು ಚಿಮುಕಿಸಿ ಅಂಟಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕಾರು ಬೆಟ್ಟಮ್ಮನ ಮನೆಯ ಮುಂದೆ ನಿಂತಾಗ ಚಪ್ಪರಕ್ಕೆ ಗರಿ ಹೊದಿಸುತ್ತಿದ್ದವರು ಏಣಿಯ ಮೇಲೆಯೇ ತಿರುಗಿ ನೋಡಿದರು. ಮದುವೆಯ ಫೋಟೋ, ವೀಡಿಯೊ ಒಪ್ಪಿಕೊಂಡಿದ್ದ ಅಪ್ಪು ಎಂಬ ಹುಡುಗ ಮನೆಯೊಳಗಿಂದ ಓಡಿಯೇ ಬಂದ.

"ಅಕ್ಕೋ, ಸನ್‌ರೂಫ್ ಗಾಡಿ! ಮೊದ್ಲೇ ಏಳ್ಬಾರ್ದಾ? ನಾಳೆ ಸಂಜೆ ಪೇಟೆ ಬೀದೀಲಿ ಎಣ್ಣು ಅದರೊಳಗಿಂದ ಎದ್ ನಿಂತ್ಕಂಡು ಕೈ ಬೀಸ್ಕಂಡು ಛತ್ರಕ್ಕೆ ಬರ್ಬೇಕು. ಮೇಲಿಂದ ಡ್ರೋನ್ ಬುಡ್ತೀನಿ ನೋಡಿ, ಬೀಗ್ರು ಬಾಯ್ ಮುಚ್ಚಬಾರ್ದು!"

ಅರಿಸಿನದ ಕೈಯಲ್ಲೇ ಅರ್ಪಿತ ಓಡಿ ಬಂದು ಮಾದಮ್ಮನನ್ನು ತಬ್ಬಿದಳು. "ಚಿಕ್ಕವ್ವ, ನಂಗೋಸ್ಕರ ಇಷ್ಟೆಲ್ಲ ಮಾಡ್ಸುದ್ಯಾ?"

ಚಪ್ಪರದ ಕಂಬ ಹಿಡಿದು ನಿಂತಿದ್ದ ಬೆಟ್ಟಮ್ಮ ಮಾತ್ರ ಕಾರನ್ನು ಹತ್ತಿರ ಬಂದು ಮುಟ್ಟಲಿಲ್ಲ. ಕೆನ್ನೆಗೆ ಕೈಯಿಟ್ಟುಕೊಂಡು ದೂರದಿಂದಲೇ ನೋಡಿದಳು. ಅವಳ ಮುಖದಲ್ಲಿ ಏನೋ ಬಿಚ್ಚಿಕೊಂಡ ಹಾಗಿತ್ತು.

"ತೆಗಿತದೇನೇ ಮಾದಿ ಅದು?"

ಅದು ಬರೀ ಹಾಳೆ ಕಣಕ್ಕ ಅನ್ನುವ ಮಾತು ಮಾದಮ್ಮನ ನಾಲಿಗೆಯವರೆಗೂ ಬಂತು. ಬಂದದ್ದು ಅಕ್ಕನ ಮುಖ ನೋಡಿ ಹಿಂದಕ್ಕೆ ಸರಿಯಿತು.

"ಊಂ," ಅಂದಳು. "ತೆಗಿತದೆ."

ಅಲ್ಲಿಂದ ಮರಳುವ ದಾರಿಯುದ್ದಕ್ಕೂ ಅವಳು ಮತ್ತೆ ಮತ್ತೆ ಕತ್ತೆತ್ತಿ ಕಾರಿನ ನೆತ್ತಿಯನ್ನು ಒಳಗಿನಿಂದ ನೋಡಿದಳು. ಅಕ್ಕ ಅಂದು ನಿಜವಾದ ಕಾರು ಕಳಿಸಿದ್ದಳು. ತಾನು ಅದಕ್ಕೆ ಬದಲಾಗಿ ಪೇಟೆ ಬೀದಿಯ ನಡುವೆ, ಬೀಗರ ಎದುರಿಗೆ, ಅಕ್ಕನ ಮಾನ ಕಳೆಯುವ ಹಾಗೆ ಮಾಡಿಕೊಂಡಿದ್ದಳು. ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದು, ಗಾಡಿ ಆರಿಸುವ ಮೊದಲೇ ಹೇಳಿದಳು.

"ಕುಯ್ದುಬುಡಿ ಸಾಬ್ರೇ."

"ಏನು ಕುಯ್ಯೋದು?"

"ಕಾರಿನ ನೆತ್ತಿ. ಹಾಳೆ ಎಲ್ಲಿಗಂಟ ಅದೋ ಅಲ್ಲಿಗಂಟ."

ಅತಾವುಲ್ಲಾ ಟೀ ಲೋಟ ಕೆಳಗಿಟ್ಟ. "ಯಾ ಅಲ್ಲಾ! ಈಗ ತಾನೇ ಅಂಟ್ಸಿವ್ನಿ ಅಕ್ಕ. ತಲೆ ಕೆಟ್ಟದಾ ನಿಮ್ಗೆ? ಆರ್ಟಿಒದವ್ರು ಕಂಡ್ರೆ ಗಾಡಿ ಜೊತೆ ನನ್ನೂ ಎಳ್ಕೊಂಡೋಗ್ತಾರೆ."

"ಅವ್ರು ಬಂದ್ರೆ ನಾನ್ ಮಾತಾಡ್ತೀನಿ. ನೀವ್ ಕುಯ್ರಿ."

ಅಷ್ಟರಲ್ಲಿ ಮಂಚಯ್ಯನೂ ಬಂದ. ನಡೆದದ್ದನ್ನೆಲ್ಲ ಅವಳ ಬಾಯಿಂದಲೇ ಕೇಳಿ, ಹಳೆಯ ಟೈರೊಂದರ ಮೇಲೆ ಕುಕ್ಕರಿಸಿ, ಕೆಮ್ಮು ಬರುವವರೆಗೂ ನಕ್ಕ. ಮಾದಮ್ಮನ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡು ಅವನ ನಗು ನಿಂತಿತು.

"ಅಲ್ಲ ಕಣಮ್ಮಿ, ಮಳೆ ಬಂದ್ರೆ?"

"ಮಾಘದಲ್ಲಿ ಯಾವ್ ಮಳೆ ಬತ್ತದೆ?"

"ಜೇಷ್ಠದಲ್ಲಿ?"

"ಮುಚ್ಚಳ ಇಕ್ಕುಸ್ತೀನಿ."

ಮಂಚಯ್ಯ ಸ್ವಲ್ಪ ಹೊತ್ತು ಕಾರಿನ ನೆತ್ತಿಯನ್ನೇ ನೋಡಿದ. ಆಮೇಲೆ ಮೊಪೆಡ್ಡು ಹತ್ತಿ ಹೋದ. ಅರ್ಧ ಗಂಟೆಯಲ್ಲಿ ತಿರುಗಿ ಬಂದವನ ಕೈಯಲ್ಲಿ ಎರಡು ಕೀಲು, ಒಂದು ಚಿಲಕ ಇದ್ದವು.

"ಕೊಟ್ಗೆ ಕಿಟ್ಕೀದು," ಅಂದ. "ಎಮ್ಮೆ ನಾಲ್ಕ್ ದಿನ ಗಾಳಿ ಕುಡೀಲಿ ಬುಡು. ಓ ಸಾಬಿ, ಮಿಷಿನ್ ಎತ್ಲಾ!"

"ಗಂಡ ಎಂಡ್ತಿ ಇಬ್ರಿಗೂ ಒಂದೇ ಕಾಯ್ಲೆ!" ಅಂದ ಅತಾವುಲ್ಲಾ. ಅನ್ನುತ್ತಲೇ ಕನ್ನಡಕ ಹಾಕಿಕೊಂಡ. "ಇಷ್ಟ್ ವರ್ಷ ಗಾಡಿ ಮೇಲೆ ಇಲ್ದೇ ಇರೋದನ್ನ ಅಂಟ್ಸಿ ಕಳ್ಸಿವ್ನಿ. ಯಾರೂ ಇಂಗೆ ವಾಪಸ್ ಬಂದು ಇದನ್ನ ನಿಜ ಮಾಡ್ಕೊಡು ಅಂದಿರ್ಲಿಲ್ಲ."

ಕಟ್ಟರು ಕಿರ್ರೆಂದು ತಗಡಿಗೆ ತಾಗಿ ಕಿಡಿಗಳು ಶೆಡ್ಡಿನ ತುಂಬ ಚೆಲ್ಲಿದವು. ಕುಯ್ದ ಅಂಚಿಗೆಲ್ಲ ರಬ್ಬರು ಪಟ್ಟಿ ಕೂಡಿಸಿ, ಕುಯ್ದ ತುಂಡನ್ನೇ ಮುಚ್ಚಳ ಮಾಡಿ, ಕೀಲು ಬಡಿದು, ಒಳಗಡೆ ಚಿಲಕ ಕೂಡಿಸಿದಾಗ ಹೊತ್ತು ಮುಳುಗಿತ್ತು. ಅತಾವುಲ್ಲಾ ಸೀಟಿನ ಮೇಲೆ ಹತ್ತಿ ನಿಂತು, ಅರ್ಧ ಮೈ ಹೊರಗೆ ಹಾಕಿ, ಮೈಸೂರಿನ ಕಡೆಯಿಂದ ಬರುತ್ತಿದ್ದ ಬಸ್ಸಿಗೆ ಕೈ ಬೀಸಿದ. ಡ್ರೈವರು ಹಾರ್ನ್ ಹೊಡೆದ.

"ಪಾಸು!" ಅಂದ ಅತಾವುಲ್ಲಾ.

ಮರುದಿನ ಸಂಜೆ ಶ್ರೀರಂಗಪಟ್ಟಣದ ಪೇಟೆ ಬೀದಿಯ ತುದಿಯಲ್ಲಿ ವಾಲಗದವರು ಕಾಯುತ್ತಿದ್ದರು. ಅಪ್ಪು ಕಾರಿನ ಕಿಟಕಿಗೆ ಬಾಗಿ, "ಅಕ್ಕ, ಬಟನ್ ಒತ್ತಿ" ಅಂದ. ಮಾದಮ್ಮ ಎಡಗೈ ಮೇಲೆತ್ತಿ ಚಿಲಕ ಸರಿಸಿ ಮುಚ್ಚಳ ನೂಕಿದಳು. ಅಪ್ಪು ಒಂದು ಕ್ಷಣ ಕಣ್ಣು ಬಿಟ್ಟ, ಆಮೇಲೆ ಡ್ರೋನಿನ ಕಡೆ ಓಡಿದ. ಮುಚ್ಚಳ ಹಿಂದಕ್ಕೆ ಮಗುಚಿಕೊಂಡು, ಸಂಜೆಯ ಬಿಸಿಲು ಕಾರಿನೊಳಗೆ ಇಳಿಯಿತು. ಅರ್ಪಿತ ಸೀರೆಯ ನೆರಿಗೆ ಹಿಡಿದು ಸೀಟಿನ ಮೇಲೆ ಹತ್ತಿ, ಮಲ್ಲಿಗೆಯ ದಂಡೆ ತಗಲದಂತೆ ತಲೆ ಬಗ್ಗಿಸಿ, ಮೆಲ್ಲಗೆ ಮೇಲಕ್ಕೆ ಎದ್ದಳು.

ವಾಲಗ ಜೋರಾಯಿತು. ಅಂಗಡಿಗಳ ಮುಂದೆ ಕೂತಿದ್ದವರು ಎದ್ದು ನಿಂತರು, ಮಹಡಿಯ ಮೇಲಿಂದ ಹೆಂಗಸರು ಬಗ್ಗಿ ನೋಡಿದರು, ಕಬ್ಬು ತುಂಬಿದ ಲಾರಿಯೊಂದು ದಾರಿ ಬಿಟ್ಟು ಬದಿಗೆ ನಿಂತು ಹಾರ್ನಿನಲ್ಲೇ ತಾಳ ಹಾಕಿತು. ಗಂಡಿನ ದೊಡ್ಡಪ್ಪ ಶಿವಲಿಂಗಯ್ಯ ಮೊಪೆಡ್ಡಿನಲ್ಲಿ ಜೊತೆಗೆ ಬರುತ್ತಿದ್ದ ಮಂಚಯ್ಯನನ್ನು ತಡೆದು ಕೇಳಿದರು. "ಯಾವ್ ಮಾಡಲ್ಲು ಸೋಮಿ ಇದು? ಮಾರುತೀಲಿ ಇಂತಾದು ನಾನ್ ನೋಡೇ ಇಲ್ವಲ್ಲ?"

"ಒಂದೇ ಒಂದು ಬಂದಿರೋದು," ಅಂದ ಮಂಚಯ್ಯ ಗಂಭೀರವಾಗಿ. "ಅಮ್ಯಾಕೆ ಕಂಪ್ನಿಯವ್ರು ನಿಲ್ಲುಸ್ಬುಟ್ರು."

ಧಾರೆ ಮುಗಿದ ಮಾರನೆಯ ದಿನ ಇಳಿಹೊತ್ತಿನಲ್ಲಿ, ಮಗಳನ್ನು ಬೀಗರ ಜೊತೆ ಕಳಿಸಿದ ಬೆಟ್ಟಮ್ಮ ಖಾಲಿ ಪಾತ್ರೆಗಳನ್ನು ಹಿಂದಿನ ಸೀಟಿಗೆ ತುಂಬಿ, ಮುಂದೆ ತಂಗಿಯ ಪಕ್ಕ ಬಂದು ಕೂತಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಊರಿನ ದಾರಿ ಹಿಡಿದ ಮೇಲೆ ಸೀಟಿಗೆ ಒರಗಿ ತಲೆಯೆತ್ತಿ ನೋಡಿದಳು.

"ಅಲ್ಲ ಮಾದಿ, ಇದು ಕಿಟ್ಕಿ ಚಿಲಕ ಅಲ್ವೇನೇ?"

ಮಾದಮ್ಮ ಗಾಡಿ ನಿಲ್ಲಿಸಿಬಿಟ್ಟಳು. ಹಾಳೆಯಿಂದ ಹಿಡಿದು ಕೊಟ್ಟಿಗೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. "ನಿನ್ ಮುಂದೆ ಸುಳ್ ಏಳ್ಬುಟ್ಟೆ ಕಣಕ್ಕ. ಮುಯ್ಯಿ ತೀರುಸ್ಬೇಕು ಅಂತ ಓಗಿ..."

ಬೆಟ್ಟಮ್ಮನಿಗೆ ಮೊದಲು ನಗು ಬಂದದ್ದು ಹೊಟ್ಟೆಯಲ್ಲಿ. ಹಿಂದಿನ ಪಾತ್ರೆಗಳೂ ಗಡಗಡ ಅಲುಗುವಂತೆ ನಕ್ಕಳು. "ಅಯ್ಯೋ ನಿನ್ ಮನೆ ಕಾಯೋಗ! ನನ್ ಮಗಳಿಗೋಸ್ಕರ ಕಾರ್ ತಲೇನೇ ಒಡುಸ್ಬುಟ್ಯಲ್ಲೇ!" ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡು, ಮುಂದಿನ ಖಾಲಿ ರಸ್ತೆಯನ್ನೂ ಹಿಂದಿನ ಖಾಲಿ ರಸ್ತೆಯನ್ನೂ ಒಮ್ಮೆ ನೋಡಿದಳು. "ನನ್ ಭಾರ ತಡೀತದಾ ಇದು?"

"ತಡೀತದೆ."

"ನೋಡು, ಮತ್ತೆ ಸುಳ್ ಏಳ್ಬೇಡ."

"ಸಾಬ್ರು ನಿಂತು ನೋಡವ್ರೆ ಕಣಕ್ಕ."

ಬೆಟ್ಟಮ್ಮ ಚಪ್ಪಲಿ ಕಳಚಿಟ್ಟಳು. ಚಿಲಕ ಸರಿಸಿ ಮುಚ್ಚಳ ನೂಕಿ, ತಂಗಿಯ ಭುಜ ಊರಿಕೊಂಡು, ಸೀಟಿನ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು ಎದ್ದಳು. ಅವಳ ದನಿ ಈಗ ಆಕಾಶದ ಕಡೆಯಿಂದ ಬಂತು. "ಮೇಲೊಂದು ಹಿಡಿ ಜಾಸ್ತೀನೇ ಇಕ್ಬುಟ್ಟೆ ಕಣೇ. ಈಗ ನಾನೇ ನಿಂಗೆ ಬಾಕಿ. ನಡಿ, ಮೆಲ್ಲುಗ್ ಓಡ್ಸು!"

ಮಾದಮ್ಮನಿಗೆ ಅಕ್ಕನ ಮುಖ ಕಾಣುತ್ತಿರಲಿಲ್ಲ. ಪಕ್ಕದ ಸೀಟಿನ ಮೇಲೆ, ಕುಂಕುಮದ ಕಲೆಗಳ ನಡುವೆ, ಒಡೆದ ಹಿಮ್ಮಡಿಯ ಎರಡು ಪಾದಗಳು ಕಂಡವು. ಸವೆದ ಕಾಲುಂಗುರದ ಬೆರಳುಗಳು ಮೊದಲು ಸೀಟನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಕಬ್ಬಿನ ಗದ್ದೆಗಳು ಶುರುವಾಗುವ ಹೊತ್ತಿಗೆ ಒಂದೊಂದಾಗಿ ಸಡಿಲವಾದವು.