ಹಲಗೆಗೂ ನೀರಿಗೂ ನಡುವೆ

ಮೊಮ್ಮಗಳು ಹಲಗೆಯ ತುದಿಗೆ ಬಂದಳು, ಎರಡೂ ಕೈ ಮೇಲೆತ್ತಿದಳು, ಹಾಗೇ ನಿಂತಳು. ಉಸಿರು ಬಿಗಿಹಿಡಿದು ನಿಂತಿದ್ದಾಳೆ ಎನ್ನೋಣವೆಂದರೆ ಕೆಳಗೆ ಕೊಳದ ನೀರೂ ನಿಂತಿತ್ತು. ತೀರ್ಪುಗಾರರೊಬ್ಬರು ಆಕಳಿಸಲು ತೆರೆದ ಬಾಯಿ ತೆರೆದೇ ಇತ್ತು. ಟಿವಿಯ ನಟ್ಟನಡುವೆ ಒಂದು ಬಿಳಿ ಚಕ್ರ ಗಿರಗಿರ ಸುತ್ತಿತು. ಅದು ಮಾಯವಾದಾಗ ಹಲಗೆ ಖಾಲಿ, ನೀರಿನ ಮೇಲೆ ನಾಲ್ಕು ಗುಳ್ಳೆ.

"ಹಾರಿದ್ಲಾ?" ಎಂದರು ಅತ್ತೆ.

"ಹಾರಿರ್ಬೇಕು. ಮೇಲೆ ಕಾಣಿಸ್ತಿಲ್ವಲ್ಲ," ಎಂದ ಅಳಿಯ.

ಅಳಿಯನಿಗೆ ರೈಲು ನಿಲ್ದಾಣದಲ್ಲಿ ಅನೌನ್ಸರ್ ಕೆಲಸ. ಬರಬೇಕಾದದ್ದು ಇನ್ನೂ ಬಂದಿಲ್ಲವೆಂದು ಹದಿನೆಂಟು ವರ್ಷ ಮೈಕಿನಲ್ಲಿ ಸಾರಿ ಸಾರಿ ಮನೆಯಲ್ಲೂ ಅದೇ ದನಿ, ಅದೇ ರಾಗ. ಹಾಲು ಉಕ್ಕಿದರೆ "ಹಾಲು ಎರಡನೇ ಒಲೆಯಿಂದ ಹೊರಡಲು ಸಿದ್ಧವಾಗಿದೆ" ಎನ್ನುತ್ತಿದ್ದನೇ ಹೊರತು ಒಲೆ ಆರಿಸುತ್ತಿರಲಿಲ್ಲ. ಅತ್ತೆಯೂ ಮಾತಿನಲ್ಲಿ ಕಮ್ಮಿಯವರಲ್ಲ. ಅವನು "ನಾನೀಗ ಬಿಸಿ ಇದ್ದೀನಿ ಅತ್ತೆ" ಎಂದು ಯಾವುದಾದರೂ ಕೆಲಸದಿಂದ ಜಾರಿಕೊಂಡರೆ, "ಹೌದಾ? ಥರ್ಮಾಮೀಟರ್ ತರ್ಲಾ?" ಎನ್ನುತ್ತಿದ್ದರು. ಆ ಜೋಕಿಗೆ ಹದಿಮೂರು ವರ್ಷ ವಯಸ್ಸು, ಮೊಮ್ಮಗಳಿಗಿಂತ ಒಂದು ವರ್ಷ ಹೆಚ್ಚು.

ಆದರೆ ಇವತ್ತಿನದು ತಮಾಷೆಯ ವಿಷಯವಲ್ಲ. ಮೊಮ್ಮಗಳನ್ನು, ಅಂದರೆ ತಮ್ಮ ಕಪ್ಪೆಮರಿಯನ್ನು, ಆರು ವರ್ಷ ದಿನಾ ಬೆಳಗ್ಗೆ ಈಜುಕೊಳಕ್ಕೆ ಕರೆದೊಯ್ದವರು ಅತ್ತೆಯೇ. ಅಭ್ಯಾಸದ ಹೊತ್ತಿನಲ್ಲಿ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಕೂತು, ಗೋಡೆಯಾಚೆಯಿಂದ ಬರುವ 'ಧಡ್' ಎಂಬ ಹಲಗೆಯ ಸದ್ದನ್ನೂ 'ಛಳಕ್' ಎಂಬ ನೀರಿನ ಸದ್ದನ್ನೂ ಕೇಳಿಸಿಕೊಂಡು, ಇವೆರಡರ ನಡುವೆ ಏನಾಗಿರಬಹುದೆಂದು ಊಹಿಸುವುದಷ್ಟೇ ಅವರ ಪಾಲಿಗೆ. ಆರು ವರ್ಷ ಒದ್ದೆ ತಲೆ ಒರೆಸಿದ್ದರು, ಒಂದೇ ಒಂದು ಹಾರಾಟ ಕಂಡಿರಲಿಲ್ಲ.

ಇವತ್ತು ಹುಡುಗಿಯ ಮೊದಲ ಡೈವಿಂಗ್ ಫೈನಲ್, ದೂರದ ಊರಲ್ಲಿ. ಜೊತೆಗೆ ಅವಳ ಅಮ್ಮ ಹೋಗಿದ್ದಳು. ಅತ್ತೆಗೆ ಮಂಡಿಯ ಆಪರೇಷನ್ ಆಗಿ ಮೂರೇ ವಾರ, ಪ್ರಯಾಣ ಕೂಡದು. "ಮನೇಲೇ ಕೂತ್ಕೊಳ್ಳಿ, ಐದು ಹಾರಾಟಾನೂ ದೊಡ್ಡ ಟಿವೀಲಿ ತೋರಿಸ್ತೀನಿ" ಎಂದು ಅಳಿಯ ಮಾತು ಕೊಟ್ಟಿದ್ದ. ಫೋನಿನಲ್ಲಿ ನೋಡೋಣವೆಂದರೆ ಅತ್ತೆಯ ಕಣ್ಣಿಗೆ ಕಪ್ಪೆಮರಿ ಇರುವೆಮರಿ. ಆಮೇಲೆ ನೋಡೋಣವೆಂದರೆ ಸ್ಪರ್ಧೆ ನಡೆಸುವವರು ರೆಕಾರ್ಡಿಂಗ್ ಇಡುವುದಿಲ್ಲ. ಈಗ ಕಂಡರೆ ಕಂಡಂತೆ.

ಐದರಲ್ಲಿ ಒಂದು ಹೋಯಿತು. ಮುಂದಿನದಕ್ಕೆ ಕಾಲು ಗಂಟೆ.

ತಪ್ಪೆಲ್ಲ ಟಿವಿಯ ಹಿಂದಿದ್ದ ಡಬ್ಬಿಯದು ಎಂದು ಅಳಿಯನ ತೀರ್ಮಾನ. ಇಂಟರ್ನೆಟ್ಟಿನಿಂದ ಚಿತ್ರ ಎಳೆದು ಟಿವಿಗೆ ಕೊಡುವ, ಸೋಪಿನಷ್ಟು ದಪ್ಪದ, ಏಳು ವರ್ಷದ ಹಳೇ ಡಬ್ಬಿ. ಅವನು ಗೋಡೆಯ ಸ್ವಿಚ್ ಆರಿಸಿದ, ಹತ್ತರವರೆಗೆ ಎಣಿಸಿದ, ಹಾಕಿದ. ಚಿತ್ರ ಬಂತು, ಎರಡು ನಿಮಿಷ ಓಡಿತು, ಆಮೇಲೆ ಕುಂಟತೊಡಗಿತು. ರೂಟರನ್ನು ನಡುಮನೆಗೆ ಎಳೆದು ತಂದು ಸ್ಟೂಲಿನ ಮೇಲೆ ಕೂರಿಸಿದ. ಮನೆಯ ಉಳಿದ ಫೋನುಗಳನ್ನೆಲ್ಲ ವೈಫೈಯಿಂದ ಕಿತ್ತ. ಡಬ್ಬಿಯೊಳಗಿದ್ದ ಬೇಡದ ಆಪುಗಳನ್ನೆಲ್ಲ ಅಳಿಸಿದ. ಬೇಕಾದದ್ದೂ ಒಂದು ಅಳಿಯಿತು.

"ನೆಟ್‌ವರ್ಕ್ ಅಂತೆ! ನೆಟ್ಟಗೆ ವರ್ಕ್ ಆದ್ರೆ ತಾನೇ!" ಎಂದು ಗೊಣಗಿದ.

ಮೊಮ್ಮಗಳು ಮತ್ತೆ ಹಲಗೆಗೆ ಬಂದಳು. ಧಡ್. ಚಕ್ರ. ಗುಳ್ಳೆ.

"ಡೈವ್ ಕಾಣ್ಬೇಕು ಅಂದ್ರೆ ದೈವಾನೇ ಒಲೀಬೇಕು," ಎಂದು ಹಲ್ಲು ಕಡಿಯುತ್ತ ಅವನು ಸಹಾಯವಾಣಿಗೆ ಫೋನ್ ಮಾಡಿದ. ನಮ್ಮ ಎಲ್ಲ ಪ್ರತಿನಿಧಿಗಳೂ ಕಾರ್ಯನಿರತರಾಗಿದ್ದಾರೆ ಎಂದು ಜೇನಿನಲ್ಲಿ ಅದ್ದಿದ ದನಿ ಹೇಳಿತು. ಅಳಿಯ ಫೋನಿನ ಮೇಲೆ ಕೈಯಿಟ್ಟು, ಅದೇ ದನಿಯಲ್ಲಿ, ಕತ್ತು ಕೊಂಕಿಸಿ ಅತ್ತೆಗೆ ಹೇಳಿದ: "ಎಲ್ರೂ ಬಿಸಿಯಂತೆ."

ಅತ್ತೆ ಟಿವಿಯ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು ಕೂತಿದ್ದರು. ಕೈಯನ್ನು ಟಿವಿಯ ಹಿಂದಕ್ಕೆ ಚಾಚಿ ಏನೋ ತಡವಿ, "ಈ ಡಬ್ಬೀನೂ ಬಿಸಿ ಇದೆ ಅಳಿಯಂದ್ರೆ," ಎಂದರು.

"ಹೌದೌದು, ಪಾಪ, ಮೈಮುರಿಯೋಷ್ಟು ಕೆಲ್ಸ ಅದಕ್ಕೆ!"

"ಅಲ್ರೀ, ನಿಜವಾಗ್ಲೂ ಬಿಸಿ ಇದೆ."

"ಅತ್ತೆ, ಜೋಕಿಗೂ ಒಂದು ಹೊತ್ತು ಗೊತ್ತು ಇರುತ್ತೆ."

ಅಷ್ಟರಲ್ಲಿ ಸಹಾಯವಾಣಿಯ ಹುಡುಗ ಸಿಕ್ಕಿದ. ದನಿ ನೋಡಿದರೆ ಬೆಳಗ್ಗಿನಿಂದ ನೂರು ಜನರ ಕೈಲಿ ಬೈಸಿಕೊಂಡವನು. "ಆಫ್ ಮಾಡಿ ಆನ್ ಮಾಡಿದ್ರಾ ಸಾರ್?"

"ಮಾಡ್ದೆ."

"ರೂಟರ್ ಹತ್ರ ಇದೆಯಾ ಸಾರ್?"

"ತೊಡೆ ಮೇಲೊಂದು ಕೂರಿಸ್ಕೊಂಡಿಲ್ಲ."

"ಡಿವೈಸ್ ಬಿಸಿ ಇದೆಯಾ ಸಾರ್?"

"ಎಲ್ಲಿಯ ಬಿಸೀರಿ? ಬಿಸಿ ಇದ್ದಿದ್ರೆ ಕೆಲ್ಸ ಮಾಡ್ತಿರ್ಲಿಲ್ವಾ? ಆರಾಮಾಗಿ ಕಾಲು ಚಾಚ್ಕೊಂಡು ಬಿದ್ದಿದೆ!"

"ಓಕೆ ಸಾರ್. ಹಾಗಾದ್ರೆ ಅದಲ್ಲ. ಪಿಕ್ಚರ್ ಕ್ವಾಲಿಟಿ ಕಮ್ಮಿ ಮಾಡಿ ನೋಡಿ."

ಕಮ್ಮಿ ಮಾಡಿದ. ಮೂರನೇ ಸರದಿಗೆ ಹಲಗೆಯ ಮೇಲೆ ಬಂದದ್ದು ಮೊಮ್ಮಗಳೋ, ಮಡಿಸಿಟ್ಟ ಟವೆಲ್ಲೋ ತಿಳಿಯದಷ್ಟು ಮಸುಕು. ಆ ಮಸುಕೂ ಅಲ್ಲೇ ನಿಂತಿತು. ಚಕ್ರ. ಗುಳ್ಳೆ.

ಅತ್ತೆ ಈ ಸಲ ಹಾರಿದ್ಲಾ ಎಂದು ಕೇಳಲಿಲ್ಲ. ಮಂಡಿಯ ಮೇಲಿನ ಬ್ಯಾಂಡೇಜನ್ನು ಸವರುತ್ತ, "ಹೋಗ್ಲಿ ಬಿಡಿ. ನಂಗೆ ಬೆಂಚೇ ರೂಢಿ," ಎಂದರು.

ಅಳಿಯನಿಗೆ ಬೈಗುಳಕ್ಕಿಂತ ಅದು ಹೆಚ್ಚು ನಾಟಿತು. ಡಬ್ಬಿಗೆ ನಾಲ್ಕು ಬಾರಿಸುವ ಆವೇಶದಲ್ಲಿ ಟಿವಿಯ ಹಿಂದೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಉಣ್ಣೆ. ಉಣ್ಣೆಯ ಕೆಳಗೆ ಬೆರಳು ತೂರಿಸಿದವನು ಇಸ್ತ್ರಿ ಪೆಟ್ಟಿಗೆ ಮುಟ್ಟಿದವನಂತೆ ಹೌಹಾರಿದ.

"ಅಯ್ಯಪ್ಪಾ! ಅತ್ತೆ, ಇದು ಬಿಸಿ!"

"ಆಗ್ಲಿಂದ ನಾನು ಹೇಳ್ತಿರೋದೇನು?"

"ನೀವು ಬಿಸಿ ಅಂದಿದ್ದು, ಬಿಸಿ ಅಂತಾನಾ?"

"ಬಿಸಿ ಅಂದ್ರೆ ಬಿಸಿ! ಇನ್ನೇನು ತಣ್ಣಗಾ?"

"ನಾನು ಬಿಸಿ ಅಂದ್ಕೊಂಡೆ!"

ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಆಮೇಲೆ ಅವನು ಆ ಉಣ್ಣೆಯ ಚೀಲವನ್ನು ಎಳೆದು ಹಿಡಿದ. ಹಸಿರು ಬಣ್ಣ, ಹಳದಿ ಅಂಚು, ಒಂದು ಗುಂಡಿ ಬೇರೆ. "ಇದೇನಿದು?"

"ಸ್ವೆಟರ್. ಧೂಳು ಕೂರ್ತಿತ್ತು, ಅದಕ್ಕೆ ಹೆಣೆದೆ. ಮೂರು ವಾರ ಮಲಗಿದ್ದೋಳು ಇನ್ನೇನು ಮಾಡ್ಲಿ? ರಿಮೋಟಿಗೂ ಹೆಣೆದಿಲ್ವಾ, ಚೆನ್ನಾಗಿದೆ ಅಂದ್ರಲ್ಲ?"

"ರಿಮೋಟ್ ಬೆವರಲ್ಲ ಅತ್ತೆ! ಇದು ಮೈಕಾವು ಏರಿದ್ರೆ ತಾನಾಗೇ ನಿಧಾನ ಆಗ್ಬಿಡತ್ತೆ. ಏದುಸಿರು ಬಿಡ್ತಾ ಓಡೋನಿಗೆ ಕಂಬಳಿ ಹೊದಿಸಿದ ಹಾಗಾಯ್ತು!"

"ಅಷ್ಟು ಗೊತ್ತಿದ್ದೋರು ಆ ಹುಡುಗ ಕೇಳಿದಾಗ ಏನಂದ್ರಿ?"

ಅಳಿಯ ಸ್ವೆಟರನ್ನು ಪಕ್ಕಕ್ಕೆಸೆದು ಸ್ವಿಚ್ಚಿನತ್ತ ಹೋದ.

ಡಬ್ಬಿ ತಣ್ಣಗಾಗಬೇಕಾದರೆ ಆರಿಸಿಡಬೇಕು. ಆರಿಸಿದರೆ ನಾಲ್ಕನೇ ಹಾರಾಟ ಹೋಯಿತು. ಆರಿಸದಿದ್ದರೆ ಐದನೆಯದೂ ಹೋಯಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವನು ಅತ್ತೆಯ ಮುಖ ನೋಡಿದ.

"ಆರ್ಸಿ," ಎಂದರು ಅತ್ತೆ. "ನಾಲ್ಕು ಕಾಣ್ದಿದ್ರೂ ಒಂದು ಕಾಣ್ಲಿ."

ಕಪ್ಪು ಪರದೆಯ ಮುಂದೆ ಹದಿನೈದು ನಿಮಿಷ. ಎಲ್ಲೋ ದೂರದಲ್ಲಿ ಮೊಮ್ಮಗಳು ಅವರಿಗಾಗಿ ಗುಳ್ಳೆಯನ್ನೂ ಬಿಡದೆ ಹಾರಿದಳು. ಅಳಿಯ ಟೇಬಲ್ ಫ್ಯಾನ್ ತಂದ, ಸಾಕೆಟ್ ಖಾಲಿಯಿಲ್ಲ. ಡಬ್ಬಿಯನ್ನೇ ಮುಂದಕ್ಕೆ ಎಳೆಯೋಣವೆಂದರೆ ಕೇಬಲ್ ಗೇಣುದ್ದ. ಕೊನೆಗೆ ಗೋಡೆಗೂ ಟಿವಿಗೂ ನಡುವಿನ ಒಂದು ಮೊಳ ಜಾಗದಲ್ಲಿ ಹೊಟ್ಟೆ ಎಳೆದುಕೊಂಡು ತೂರಿ, ಕುಕ್ಕರಗಾಲಲ್ಲಿ ಕೂತು, ಕೈಗೆ ಸಿಕ್ಕಿದ್ದರಿಂದ ಬೀಸತೊಡಗಿದ. ಸಿಕ್ಕಿದ್ದು ಡಬ್ಬಿಯ ಜೊತೆ ಬಂದಿದ್ದ ಸೂಚನಾ ಪುಸ್ತಕ. ಏಳು ವರ್ಷದಲ್ಲಿ ಅದು ಮೊದಲ ಬಾರಿಗೆ ಉಪಯೋಗಕ್ಕೆ ಬಂದಿತ್ತು. ಬೀಸುವಾಗ ತೆರೆದುಕೊಂಡ ಪುಟದಲ್ಲಿ, ಸಾಧನದ ಮೇಲೆ ಬಟ್ಟೆ ಹೊದಿಸಬಾರದು ಎಂದು ಒಂಬತ್ತು ಭಾಷೆಗಳಲ್ಲಿ ಬರೆದಿತ್ತು.

"ಹಾಕ್ಲಾ ಸ್ವಿಚ್ಚು?" ಎಂದ, ಟಿವಿಯ ಹಿಂದಿನಿಂದಲೇ.

"ಹಾಕಿ!"

ಚಿತ್ರ ಬಂತು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಅವನ ಕೈ ಸೋತು ಬೀಸುವುದು ನಿಂತಿತು.

"ಕುಂಟ್ತಿದೆ ಕುಂಟ್ತಿದೆ!" ಎಂದು ಅತ್ತೆ ಕೂಗಿದರು. "ಬಿಸಿ ಇದ್ರೆ ಬೀಸಿ, ಅಳಿಯಂದ್ರೆ, ಬೀಸಿ!"

ಬೀಸಿದ. ಚಿತ್ರ ನೆಟ್ಟಗಾಯಿತು. ಆಗ ಅವನಿಗೆ ವಿಷಯ ಹೊಳೆಯಿತು: ಬೀಸುವವನಿಗೆ ಕಾಣುವುದಿಲ್ಲ, ಕಾಣಬೇಕಾದರೆ ಬೀಸುವಂತಿಲ್ಲ. ಮುಂದೆ ಮಗಳು, ಅವನ ಕಣ್ಣೆದುರಿಗೆ ಟಿವಿಯ ಬೆನ್ನು, ಮೂರು ಸ್ಕ್ರೂ, ಒಂದು ಜೇಡ.

"ಅತ್ತೆ, ಬಂದ್ಲಾ?"

ಅತ್ತೆ ಗಂಟಲು ಸರಿಮಾಡಿಕೊಂಡರು. ಥೇಟ್ ಅವನದೇ ಮೈಕಿನ ದನಿ, ಅದೇ ಎಳೆತ: "ಗಮನಿಸಿ. ಟಿವಿಯ ಹಿಂದೆ ಸಿಕ್ಕಿಕೊಂಡಿರುವ ಪ್ರಯಾಣಿಕರ ಗಮನಕ್ಕೆ. ಕಪ್ಪೆಮರಿ, ಹಲಗೆಯ ತುದಿಗೆ ಬಂದು ಸೇರಿದೆ. ಎರಡೂ ಕೈ, ಮೇಲೆತ್ತಿದೆ. ಈಗ ಹೊರಡಲು..."

ಧಡ್.

ಅಳಿಯ ಬೀಸುತ್ತಲೇ ಇದ್ದ. ಕಿವಿಯೆಲ್ಲ ಮುಂದಕ್ಕೆ. ಅತ್ತೆಯ ದನಿ ಬರಲಿಲ್ಲ.

ಛಳಕ್. ಆಮೇಲೆ ಜನರ ಚಪ್ಪಾಳೆ.

"ಅತ್ತೆ? ಹೊರಡಲು, ಆಮೇಲೆ? ಎಷ್ಟು ಸುತ್ತು ಹಾಕಿದ್ಲು? ಮಂಡಿ ನೆಟ್ಟಗಿತ್ತಾ? ಅತ್ತೆ! ಈಗ ನೀವೇ ನಿಂತ್ಹೋದ್ರಲ್ಲ! ನಿಮ್ಮನ್ನೂ ಆಫ್ ಮಾಡಿ ಆನ್ ಮಾಡ್ಬೇಕಾ?"

ಮುಂದಿನಿಂದ ಮೂಗು ಸೀಟಿಕೊಂಡ ಸದ್ದು, ಸೆರಗಿನ ಸರಪರ.

"ಸುಮ್ನಿರಿ ಅಳಿಯಂದ್ರೆ," ಎಂದರು ಅತ್ತೆ, ಸ್ವಂತ ದನಿಯಲ್ಲಿ. "ನಾನೀಗ ಬಿಸಿ ಇದ್ದೀನಿ."