ಬರಿ ಒಲೆಯ ಮೂರು ಗಂಟೆ

ನಾನೊಂದು ಹೊಗೆಒಲೆ. ಇದ್ದಿಲಿನ ಕೆಂಡ ಹಾಕಿ, ಮುಚ್ಚಳ ಮುಚ್ಚಿ, ಹೊಗೆಯಲ್ಲೇ ಮಾಂಸ ಬೇಯಿಸುವ ಒಲೆ. ಜವರಪ್ಪ ನನ್ನನ್ನು ಠೀವಿಯಿಂದ ‘ಸ್ಮೋಕರ್’ ಎನ್ನುತ್ತಿದ್ದ. ಅವನ ತಾಯಿ ಹೊಂಬಾಳಮ್ಮನಿಗೆ ನಾನು ಬರೀ ‘ಡ್ರಮ್ಮು’. ಆಕೆ ಹೇಳಿದ್ದೇ ಸರಿ. ಹಿಂದೆ ನಾನು ಇಂಜಿನ್ ಆಯಿಲ್ ತುಂಬಿಕೊಂಡಿದ್ದ ಡ್ರಮ್ಮೇ. ಮದ್ದೂರಿನ ಬಾಬಾಜಾನ್ ಸಾಬರು ನನ್ನನ್ನು ಉದ್ದಕ್ಕೆ ಸೀಳಿ, ಕೀಲು ಹಾಕಿ, ಜಾಲರಿ ಕೂರಿಸಿ, ಗಾಳಿಗೆ ಕಿಂಡಿ ಕೊರೆದು, ಮೈಗೆಲ್ಲ ಕಪ್ಪು ಬಣ್ಣ ಬಳಿದರು. ಹೊರಗೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗಿದ್ದೆ. ಒಳಗಿನ ಜಿಡ್ಡು ಇನ್ನೂ ಹೋಗಿರಲಿಲ್ಲ.

ಸಾಬರು ಎಚ್ಚರಿಸಿಯೇ ಕಳಿಸಿದ್ದರು. “ಮೊದ್ಲು ಒಳಗೆಲ್ಲ ಎಣ್ಣೆ ಸವರಿ, ಮೂರು ಗಂಟೆ ಬರೀ ಇದ್ದಿಲು ಉರ್ಸಿ ಜವರಪ್ಪ. ಅಲ್ಲೀಗಂಟ ಒಂದು ತುಂಡೂ ಇಕ್ಬೇಡಿ.”

ಜವರಪ್ಪ ಇಪ್ಪತ್ತು ವರ್ಷ ಪಾಪೇಗೌಡರ ಕೈಕೆಳಗೆ ಬಾಡೂಟದ ಕೊಪ್ಪರಿಗೆ ತಿರುವಿದವನು. ಈಗ ಐವತ್ತರ ಹತ್ತಿರ ಸ್ವಂತ ಹೋಟೆಲು ತೆರೆಯುತ್ತಿದ್ದ. “ನಿನ್ ಕೈಲಿ ಆಯ್ತದೇನ್ಲಾ?” ಎಂದು ನಕ್ಕಿದ್ದ ಪಾಪೇಗೌಡರ ಬಾಯಿಂದ ‘ಚೆನ್ನಾಗದೆ’ ಅನ್ನಿಸಬೇಕು, ಅಷ್ಟೇ ಅವನಾಸೆ. ಮೊದಲ ದಿನದ ಊಟಕ್ಕೆ ಅವರನ್ನೇ ಕರೆದಿದ್ದ.

ಆ ಬೆಳಿಗ್ಗೆ ಅವನು ಎಣ್ಣೆ ಬಟ್ಟಲು ಹಿಡಿದು ಬಂದರೆ, ಹೊಂಬಾಳಮ್ಮ ಅಡ್ಡ ನಿಂತಳು.

“ಹೊಸಾ ಒಲೇನ ಬರೀದಾಗಿ ಉರುಸ್ತಾರೇನ್ಲಾ? ಮನೆಗಾಗ್ದು. ಹಾಲುಕ್ಸು, ಆಮೇಲೆ ಮಾಂಸ ಇಕ್ಕು.”

“ಸಾಬರು ಏಳವ್ರೆ ಕಣವ್ವ...”

“ಸಾಬರ ಮನೇಲೂ ಬರೀ ಒಲೆ ಉರಿಸಾಕಿಲ್ಲ, ಕೇಳೋಗು!”

ತಾಯಿಯ ಮಾತು ಮೀರುವ ಜಾಯಮಾನ ಅವನದಲ್ಲ. ನನಗೆ ಕುಂಕುಮವಿಟ್ಟರು, ಚೆಂಡುಹೂ ಮುಡಿಸಿದರು, ಜಾಲರಿಯ ಮೇಲೆ ಹಾಲು ಉಕ್ಕಿಸಿದರು. ಹತ್ತು ನಿಮಿಷದ ಉರಿ. ಆಮೇಲೆ ಮಸಾಲೆ ಮೆತ್ತಿದ ಕುರಿಯ ತೊಡೆಗಳು ನನ್ನ ಹೊಟ್ಟೆ ಸೇರಿದವು. ನಾನು ಹೂ ಮುಡಿದ ಸಂಭ್ರಮದಲ್ಲಿ ಬೀಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೆಂಡ ಕಾವೇರಿದಂತೆ ನನ್ನ ಹಳೆಯ ಜಿಡ್ಡು ಬೆವರತೊಡಗಿತು. ಅದರ ಹೊಗೆಯೆಲ್ಲ ಮಾಂಸಕ್ಕೇ ಹತ್ತಿತು. ಬಾಯಿಲ್ಲದ ನಾನು ಹೊಗೆಕೊಳವೆಯಿಂದ ಕಪ್ಪಗೆ ಉಗುಳಿದೆ. “ಒಳ್ಳೆ ಹೊಗೆ ಬರ್ತಾ ಅದೆ” ಎಂದು ಜವರಪ್ಪ ಹಿಗ್ಗಿದ.

ಪಾಪೇಗೌಡರು ಒಂದು ತುಂಡು ಬಾಯಿಗಿಟ್ಟರು. ಪಂಕ್ತಿಯೇ ಅವರ ಮುಖ ನೋಡುತ್ತಿತ್ತು. ಅವರು ತುಂಡನ್ನು ಎಲೆಯ ಅಂಚಿಗೆ ಸರಿಸಿ, “ಜವರ, ಇದು ಕುರಿಯೋ, ಮೋಟ್ರೋ?” ಎಂದರು. ಯಾರೋ ಕಿಸಕ್ಕೆಂದರು. ಗೌಡರು ಉಪ್ಪಿನಕಾಯಿ ನೆಂಚಿಕೊಂಡು ಅನ್ನ ಉಂಡು ಎದ್ದರು. ಬೈದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಜವರಪ್ಪ ತಲೆ ತಗ್ಗಿಸಿ, “ತಪ್ಪು ನಂದೇ ಕಣಣ್ಣ” ಎಂದ. ತಾಯಿಯ ಹೆಸರೆತ್ತಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಮುದುಕಿ ಒಬ್ಬಳೇ ಹಿತ್ತಲಿಗೆ ಬಂದಳು. ಬಾಡಿದ ಹೂ ಕಿತ್ತೆಸೆದು, ಬೂದಿ ಹಾಕಿ ನನ್ನ ಒಳಮೈ ಉಜ್ಜಿದಳು, ಕಡಲೆಕಾಯಿ ಎಣ್ಣೆ ಸವರಿದಳು, ಇದ್ದಿಲು ಸುರಿದು ಬೆಂಕಿ ಹೊತ್ತಿಸಿದಳು. ಬರೀ ಬೆಂಕಿ. ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಜವರಪ್ಪ ಓಡಿ ಬಂದ.

“ಅವ್ವಾ, ಬರೀ ಒಲೆ...”

“ಬರೀದಲ್ಲ ಕಣ್ಲಾ. ನನ್ನ ಹಠ ಇಕ್ಕಿವ್ನಿ. ಬೇಯ್ಲಿ ಬುಡು.”

ಮೂರು ಗಂಟೆ ಆಕೆ ಕದಲಲಿಲ್ಲ. ನನ್ನ ಹೊಗೆ ಕಪ್ಪಾಗಿ, ಬೂದಾಗಿ, ಕೊನೆಗೆ ತೆಳ್ಳಗೆ ಬೆಳ್ಳಗಾಯಿತು. ಬಳಿಕ ಆಕೆಯೇ ಪಾಪೇಗೌಡರ ಮನೆಗೆ ನಡೆದು, ತಪ್ಪು ತನ್ನದೆಂದು ಹೇಳಿ, ಇನ್ನೊಂದು ಸಲ ಬರಲು ಕೇಳಿಕೊಂಡಳು. ಗೌಡರು ಬಂದರು. ಒಂದು ತುಂಡು ತಿಂದು, ಎಲೆಯನ್ನು ಮುಂದಕ್ಕೆ ತಳ್ಳಿದರು, ಇನ್ನೊಂದು ಬಡಿಸಲೆಂದು. ಜವರಪ್ಪನಿಗೆ ಅಷ್ಟೇ ಸಾಕಾಯಿತು.

ಹದಿನಾಲ್ಕು ವರ್ಷ ದುಡಿದೆ. ಈಗ ತಳ ತುಕ್ಕು ಹಿಡಿದು ಉದುರಿದೆ. ಹಿತ್ತಲ ಮೂಲೆಯಲ್ಲಿ ಕೋಳಿಗಳು ನನ್ನೊಳಗೆ ಮೊಟ್ಟೆಯಿಡುತ್ತವೆ. ಹೊಂಬಾಳಮ್ಮ ಇಲ್ಲ. ನಿನ್ನೆ ಹೊಸ ಒಲೆ ಬಂತು. ಜವರಪ್ಪ ಅದಕ್ಕೆ ಎಣ್ಣೆ ಸವರಿ, ಬರೀ ಇದ್ದಿಲು ಹೊತ್ತಿಸಿ, ಅದೇ ಕಲ್ಲಿನ ಮೇಲೆ ಮೂರು ಗಂಟೆ ಕುಳಿತ. “ಅವ್ವನ ಹಠ” ಎಂದು ತನ್ನಷ್ಟಕ್ಕೆ ನಕ್ಕ.

ನನಗೆ ನಗು ಬರಲಿಲ್ಲ. ಅಂದು ಮಾಂಸ ಕೆಡಿಸಿದ್ದು ನನ್ನ ಹೊಟ್ಟೆಯ ಕೊಳಕು. ಅದನ್ನು ಆ ಮುದುಕಿ ತನ್ನ ಹಠವೆಂದು ಹೊತ್ತುಕೊಂಡು ಹೋದಳು. ನಾನು ಹೂ ಮುಡಿದು ಸುಮ್ಮನಿದ್ದೆ.